ಠಾಣೆ ಮೆಟ್ಟಿಲು ಹತ್ತುವ ಮುಂಚೆ: ಕೋಲಾರ ಜಿಲ್ಲೆಯವರಿಗೆ

ಪೊಲೀಸ್ ಠಾಣೆ ಎಲ್ಲರಿಗೂ ಒಂದೇ ಅಂತ ಗೋಡೆ ಮೇಲೆ ಬರೆದಿರಬಹುದು. ಆದರೆ ಬಿಳಿ ಷರ್ಟು ಹಾಕಿಕೊಂಡು ಬುಲೆಟ್‌ನಲ್ಲಿ ಬಂದವರಿಗೆ ಕುರ್ಚಿ ಸಿಗುತ್ತದೆ, ದಲಿತರ ಕಾಲೋನಿಯಿಂದ ಬಂದ ಹೆಂಗಸು ಬಾಗಿಲ ಪಕ್ಕ ನಿಂತೇ ಇರುತ್ತಾರೆ. ಇದು ನಮಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಕಡೆ ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪೇಟೆಯ ಎಷ್ಟೋ ಓಣಿಗಳಲ್ಲಿ ಉರ್ದು. ಠಾಣೆಯಲ್ಲಿ ಕೂತಿರುವ ಪೇದೆ ಬೇರೆ ಜಿಲ್ಲೆಯಿಂದ ಬಂದವರು, ಅವರಿಗೆ ನಮ್ಮ ತೆಲುಗು ಬೆರೆತ ಕನ್ನಡ ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಅವರೇ ಊಹಿಸಿ ಬರೆದುಕೊಳ್ಳುತ್ತಾರೆ.

ಆ ಊಹೆಯೇ ಮುಂದೆ ಕೋರ್ಟಿನಲ್ಲಿ ನಿಮ್ಮ ಹೇಳಿಕೆ ಆಗಿಬಿಡುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಠಾಣೆಯಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ, ಎಲ್ಲವನ್ನೂ ಕಾಗದಕ್ಕೆ ತನ್ನಿ. ಸರಿಯಾದ ಮಾತಿನಲ್ಲಿ, ಸರಿಯಾದ ತಾರೀಖಿನೊಂದಿಗೆ, ಒಂದು ನಂಬರ್ ಸಮೇತ.

ದೂರು ಮನೆಯಲ್ಲೇ ಬರೆದುಕೊಂಡು ಹೋಗಿ

ಠಾಣೆ ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದರೆ ಸಾಮಾನ್ಯವಾಗಿ ಹೀಗೆ ಬರುತ್ತದೆ: "ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಜಾತಿ ನಿಂದನೆ ಮಾಡಿ, ಪ್ರಾಣ ಬೆದರಿಕೆ ಹಾಕಿರುತ್ತಾರೆ." ನೂರು ದೂರುಗಳಲ್ಲಿ ಇದೇ ಸಾಲು. ಇದರಲ್ಲಿ ಏನೂ ಇಲ್ಲ. ಯಾರು, ಎಲ್ಲಿ, ಯಾವ ಮಾತು, ಯಾರ ಎದುರು, ಯಾವುದೂ ಇಲ್ಲ. ಆರೋಪಿಯ ವಕೀಲರಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಬೇಕಾ?

ಒಂದು ಉದಾಹರಣೆ ನೋಡಿ. ಹಾಲಿನ ಡೇರಿ ಮುಂದೆ ಗಲಾಟೆ ಆಗಿದೆ ಅಂದುಕೊಳ್ಳಿ. ಹೀಗೆ ಬರೆಯಿರಿ:

"ಇಂಥ ತಾರೀಖು ಬೆಳಿಗ್ಗೆ ಸುಮಾರು 6.30ಕ್ಕೆ ನಮ್ಮೂರ ಹಾಲಿನ ಡೇರಿ ಮುಂದೆ ನಾನು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ನಮ್ಮೂರಿನವರೇ ಆದ, ನನ್ನ ಜಾತಿ ಯಾವುದೆಂದು ಚೆನ್ನಾಗಿ ಗೊತ್ತಿರುವ ಇಂಥವರು ಬಂದು ನನ್ನ ಕ್ಯಾನನ್ನು ಕಾಲಿನಿಂದ ತಳ್ಳಿದರು. ತೆಲುಗಿನಲ್ಲಿ ಹೀಗೆ ಬೈದರು. ಆಗ ಸಾಲಿನಲ್ಲಿ ಇಂಥ ಇಂಥವರು ಇದ್ದರು. ಡೇರಿ ಕಾರ್ಯದರ್ಶಿ ಒಳಗೆ ಹಾಲು ಟೆಸ್ಟ್ ಮಾಡುತ್ತಿದ್ದರು."

"ಹೀಗೆ ಬೈದರು" ಅನ್ನುವ ಜಾಗದಲ್ಲಿ ಅವರು ಆಡಿದ ಮಾತನ್ನು ಹಾಗೆಹಾಗೇ ಹಾಕಬೇಕು. ತೆಲುಗಿನಲ್ಲಿ ಬೈದಿದ್ದರೆ ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ, ತಮಿಳಾದರೆ ತಮಿಳು ಮಾತನ್ನೇ. ತಿದ್ದಬೇಡಿ, ಮರ್ಯಾದೆಯ ಕನ್ನಡಕ್ಕೆ ತಿರುಗಿಸಬೇಡಿ. ಬಹಳ ಜನ, ಅದರಲ್ಲೂ ಹೆಣ್ಣುಮಕ್ಕಳು, "ಅಂಥ ಮಾತೆಲ್ಲ ಹೆಂಗೆ ಬರೆಯೋದು" ಅಂತ ಹಿಂಜರಿಯುತ್ತಾರೆ. ನಾಚಿಕೆ ಪಡಬೇಕಾದವರು ಬೈದವರು, ನೀವಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರ ಕಲಂ 3(1)(ಎಸ್) ನಿಲ್ಲುವುದೇ ಜಾತಿ ಹೆಸರು ಹಿಡಿದು ಬೈದ ಆ ಮಾತಿನ ಮೇಲೆ.

ಡೇರಿ ಮುಂದೆ, ಸಾಲಿನಲ್ಲಿ ಅಂತ ಬರೆಯಿಸಿದ್ದಕ್ಕೂ ಕಾರಣ ಇದೆ. ಬೈಗುಳ ಸಾರ್ವಜನಿಕರ ಕಣ್ಣಿಗೆ ಕಾಣುವ ಜಾಗದಲ್ಲಿ ಆಗಿರಬೇಕು ಅನ್ನುತ್ತದೆ ಕಾಯ್ದೆ. 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆ ಒಳಗೆ ನಡೆದದ್ದು ಇದರಡಿ ಬರುವುದಿಲ್ಲ ಅಂತ ಹೇಳಿತು. ಹಾಗಾಗಿ ಜಾಗ ಮತ್ತು ಸುತ್ತ ಇದ್ದವರ ಹೆಸರು ಬಹಳ ಮುಖ್ಯ. "ನನ್ನ ಜಾತಿ ಗೊತ್ತಿರುವ" ಅನ್ನುವುದನ್ನೂ ಬಿಡಬೇಡಿ. ಆರೋಪಿಗೆ ನಿಮ್ಮ ಅಥವಾ ನಿಮ್ಮ ಮನೆಯವರ ಪರಿಚಯ ಇದ್ದರೆ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು ಅಂತ 2015ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ.

ಬೈಗುಳ ಮಾತ್ರ ಅಲ್ಲ. ಸ್ಮಶಾನಕ್ಕೆ ದಾರಿ ಬಿಡದಿರುವುದು, ಕುಡಿಯುವ ನೀರು, ದೇವಸ್ಥಾನಕ್ಕೆ ಅಡ್ಡಿ ಮಾಡುವುದು, ಅಂಗಡಿಯಲ್ಲಿ ಸಾಮಾನು ಕೊಡಬೇಡಿ, ಕೂಲಿಗೆ ಕರೀಬೇಡಿ ಅಂತ ಊರೆಲ್ಲ ಮಾತಾಡಿಕೊಳ್ಳುವುದು, ಇವೆಲ್ಲ ಅದೇ ಕಾಯ್ದೆಯಡಿ ಅಪರಾಧ. ಊರ ಹಿರಿಯರು ಹಾಕುವ ದಂಡವನ್ನೂ ಕಣ್ಣುಮುಚ್ಚಿ ಕಟ್ಟಬೇಡಿ. 2022ರಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು, ಕೇಸೂ ಆಯಿತು. ಅಂಥ ದಂಡಕ್ಕೆ ಯಾವ ಕಾನೂನೂ ಇಲ್ಲ.

ಜಾತಿ ಪ್ರಮಾಣಪತ್ರದ ಒಂದು ಪ್ರತಿ ಲಗತ್ತಿಸಿ. ಇಲ್ಲದಿದ್ದರೂ ದೂರು ಕೊಡಬಹುದು, ಆಮೇಲೆ ನಾಡಕಚೇರಿಯಿಂದ ತರಬಹುದು. ಪೆಟ್ಟು ಬಿದ್ದಿದ್ದರೆ ಮೊದಲು ಆಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಆಗಲಿ ತಾಲ್ಲೂಕು ಆಸ್ಪತ್ರೆ ಆಗಲಿ. ಬಿದ್ದು ಗಾಯ ಆಯ್ತು ಅನ್ನಬೇಡಿ, ಯಾರು ಯಾವುದರಿಂದ ಹೊಡೆದರು ಅಂತ ಡಾಕ್ಟರಿಗೆ ಹೇಳಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ, ಮಾಡಿಸಿ. ಮತ್ತೆ, ಅದೇ ದಿನ ಹೋಗಿ. ಎರಡು ದಿನ ಬಿಟ್ಟರೆ ಅಷ್ಟರಲ್ಲಿ ಆ ಕಡೆಯವರು ಕೌಂಟರ್ ಕೇಸ್ ಕೊಟ್ಟಾಗಿರುತ್ತದೆ. ತಡವಾಗಿದ್ದರೆ ಯಾಕೆ ತಡ ಅಂತ ದೂರಿನಲ್ಲೇ ಒಂದು ಸಾಲು ಬರೆಯಿರಿ.

ಠಾಣೆ ಒಳಗೆ

"ಸಾಹೇಬ್ರು ಇಲ್ಲ, ನಾಳೆ ಬನ್ನಿ." ಇದು ಮೊದಲ ಮಾತು. ಸಾಹೇಬರು ಇಲ್ಲದಿದ್ದರೆ ಆ ಹೊತ್ತಿನಲ್ಲಿ ಠಾಣೆಯ ಉಸ್ತುವಾರಿ ಯಾರಿದ್ದಾರೋ ಅವರು ದೂರು ತಗೋಬೇಕು. "ಇದು ನಮ್ಮ ಲಿಮಿಟ್ ಅಲ್ಲ" ಎರಡನೇ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173 ಪ್ರಕಾರ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು ಜೀರೋ ಎಫ್‌ಐಆರ್ ಹಾಕಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಮೂರನೆಯದು ನಯವಾದ ಮಾತು, ಅಪಾಯಕಾರಿ ಕೂಡ ಇದೇ. "ಅರ್ಜಿ ಇಟ್ಟು ಹೋಗಿ, ಅವರನ್ನೂ ಕರೆಸಿ ವಿಚಾರಣೆ ಮಾಡ್ತೀವಿ." ಅಂದರೆ ನಿಮ್ಮದು ಕೇಸ್ ಆಗಲ್ಲ, ಅರ್ಜಿ ಆಗುತ್ತದೆ. ಎರಡೂ ಕಡೆಯವರನ್ನು ಕೂರಿಸಿ, ಮುಚ್ಚಳಿಕೆ ಬರೆಸಿಕೊಂಡು, ಒಂದು ಹಿಂಬರಹ ಕೊಟ್ಟು ಮುಗಿಸುತ್ತಾರೆ. ಹೀಗೆ ಹೇಳಿದರೆ ಜಗಳಕ್ಕೆ ಹೋಗಬೇಡಿ, ನಿಧಾನವಾಗಿ ಎರಡು ವಿಷಯ ಹೇಳಿ. ಒಂದು, ಸಂಜ್ಞೇಯ ಅಪರಾಧ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಅಂತ ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಇದೆ. ಎರಡು, ದೌರ್ಜನ್ಯ ಕಾಯ್ದೆಗೆ 2018ರಲ್ಲಿ ಸೇರಿಸಿದ ಕಲಂ 18ಎ, ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ ನೇರವಾಗಿ ಹೇಳುತ್ತದೆ. "ಡಿವೈಎಸ್‌ಪಿ ಸಾಹೇಬ್ರು ಬಂದ ಮೇಲೆ" ಅಂತಲೂ ಹೇಳಬಹುದು. ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ, ಅದು ನಿಜ. ಎಫ್‌ಐಆರ್ ದಾಖಲು ಮಾಡುವುದು ಠಾಣೆಯ ಕೆಲಸ, ಅದಕ್ಕೆ ಅವರಿಗಾಗಿ ಕಾಯಬೇಕಿಲ್ಲ.

ಇನ್ನು ಭಾಷೆಯ ವಿಷಯ. ನೀವು ಬಾಯಲ್ಲಿ ಹೇಳಿ ರೈಟರ್ ಬರೆದುಕೊಂಡರೆ, ಸಹಿ ಹಾಕುವ ಮುಂಚೆ ಅದನ್ನು ನಿಮಗೆ ಓದಿ ಹೇಳಬೇಕು. ಇದು ಅವರ ಉಪಕಾರ ಅಲ್ಲ. ದೌರ್ಜನ್ಯ ಕಾಯ್ದೆಯ ಕಲಂ 4ರಲ್ಲಿ ಅಧಿಕಾರಿಯ ಕರ್ತವ್ಯ ಅಂತ ಪಟ್ಟಿ ಮಾಡಿದ್ದಾರೆ: ಓದಿ ಹೇಳುವುದು, ಎಫ್‌ಐಆರ್ ಹಾಕುವುದು, ಪ್ರತಿ ಕೊಡುವುದು, 60 ದಿನದೊಳಗೆ ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಹಾಕುವುದು. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದ ಅಧಿಕಾರಿ ಬೇಕಂತಲೇ ಇದನ್ನು ಮಾಡದಿದ್ದರೆ 6 ತಿಂಗಳಿಂದ 1 ವರ್ಷದವರೆಗೆ ಶಿಕ್ಷೆ. ನಿಮಗೆ ತೆಲುಗು ಮಾತ್ರ ಚೆನ್ನಾಗಿ ಬರುತ್ತದೆ ಅಂದರೆ ತೆಲುಗಿನಲ್ಲೇ ವಿವರಿಸಿ ಅಂತ ಕೇಳಿ, ಮನೆಯಲ್ಲಿ ಕನ್ನಡ ಓದಲು ಬರುವ ಮಗಳನ್ನೋ ಅಳಿಯನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಓದುವಾಗ ಮೂರು ಜಾಗ ನೋಡಿದರೆ ಸಾಕು. ತಾರೀಖು ಮತ್ತು ಸಮಯ ಸರಿ ಇದೆಯಾ? ಬೈದ ಮಾತು ಇದೆಯಾ, ಇಲ್ಲ "ಅವಾಚ್ಯ ಶಬ್ದ" ಆಗಿಬಿಟ್ಟಿದೆಯಾ? ಸಾಕ್ಷಿಗಳ ಹೆಸರು ಪೂರ್ತಿ ಬಂದಿದೆಯಾ? ತಪ್ಪಿದ್ದರೆ ತಿದ್ದಿಸಿಯೇ ಸಹಿ ಹಾಕಿ. ಅರ್ಧ ಗಂಟೆ ಜಾಸ್ತಿ ಆಗಲಿ, ಪರವಾಗಿಲ್ಲ.

ಎಫ್‌ಐಆರ್ ಪ್ರತಿ ಪುಕ್ಕಟೆ. ಅದರ ಮೇಲಿರುವ ಕ್ರೈಂ ನಂಬರ್ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದು ಇಬ್ಬರಿಗೆ ಕಳಿಸಿಡಿ.

ಆಮೇಲೂ ತಗೊಳ್ಳಲಿಲ್ಲವಾ? ದೂರಿನ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಲ್ಲಿ ನಮ್ಮ ಜಿಲ್ಲೆಯ ಒಂದು ವಿಚಿತ್ರ ಇದೆ. ಕಂದಾಯ ಜಿಲ್ಲೆ ಒಂದೇ, ಪೊಲೀಸ್ ಜಿಲ್ಲೆ ಎರಡು. ಕೆಜಿಎಫ್‌ಗೆ ಬೇರೆ ಎಸ್‌ಪಿ ಇದ್ದಾರೆ. ಬಂಗಾರಪೇಟೆ, ಬೂದಿಕೋಟೆ, ಕಾಮಸಮುದ್ರ, ಬೇತಮಂಗಲದವರೆಲ್ಲ ಆ ಎಸ್‌ಪಿಗೆ ಬರೆಯಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ಕೋಲಾರದ ಎಸ್‌ಪಿಗೆ. ಡಿಸಿ ಮಾತ್ರ ಎಲ್ಲರಿಗೂ ಕೋಲಾರದಲ್ಲೇ. ತಪ್ಪು ಕಚೇರಿಗೆ ಹೋದ ಕಾಗದ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಟೊಮೆಟೊ ಒಂದು ಬೆಳೆ ಬಂದು ಹೋಗಿರುತ್ತದೆ. ಎಸ್‌ಪಿ ಕಡೆಯಿಂದಲೂ ಏನೂ ಆಗದಿದ್ದರೆ ವಕೀಲರ ಮೂಲಕ ಕೋರ್ಟು. ವಕೀಲರಿಗೆ ದುಡ್ಡಿಲ್ಲ ಅಂತ ನಿಲ್ಲಬೇಡಿ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರು ಮಕ್ಕಳಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ. ಸಹಾಯವಾಣಿ 15100. ದೌರ್ಜನ್ಯಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14566. ಕೂಡಲೇ ಪೊಲೀಸ್ ಬೇಕಾದರೆ 112. ಇನ್ನು ದೌರ್ಜನ್ಯ ಪ್ರಕರಣಗಳನ್ನು ನೋಡಿಕೊಳ್ಳುವ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಈಗ ಜಿಲ್ಲೆಗಳಲ್ಲಿ ತನ್ನದೇ ಠಾಣೆಗಳು ಬಂದಿವೆ, ಅಲ್ಲಿಗೂ ಒಂದು ಪ್ರತಿ ಹೋಗಲಿ.

ಸಾಕ್ಷಿಗಳನ್ನು ಕಳೆದುಕೊಳ್ಳಬೇಡಿ

ಕಂಬಾಲಪಲ್ಲಿ ಹೆಸರು ಕೇಳದವರು ನಮ್ಮ ಕಡೆ ಯಾರಿದ್ದಾರೆ? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಅಂತ ಯಾರೂ ಇಲ್ಲ.

ಸಾಕ್ಷಿ ಯಾಕೆ ತಿರುಗಿಬೀಳುತ್ತಾರೆ ಅನ್ನುವುದು ಹಳ್ಳಿಯಲ್ಲಿ ಬದುಕಿದವರಿಗೆ ಹೇಳಬೇಕಿಲ್ಲ. ಅದೇ ಊರಲ್ಲಿ ಕೂಲಿ ಮಾಡಬೇಕು, ಅದೇ ಅಂಗಡಿಯಲ್ಲಿ ಸಾಲ. 2015ರ ತಿದ್ದುಪಡಿಯಲ್ಲಿ ಬಂದ ಕಲಂ 15ಎ ಇದಕ್ಕಾಗಿಯೇ ಇದೆ. ನೊಂದವರಿಗೆ, ಅವರ ಮನೆಯವರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ. ತನಿಖೆಗೆ, ಕೋರ್ಟಿಗೆ ಓಡಾಡುವ ಬಸ್ ಚಾರ್ಜು, ಹೋದ ದಿನದ ಖರ್ಚು ಕೂಡ ಕೊಡಬೇಕು. ಯಾರೂ ಕೇಳುವುದಿಲ್ಲ, ಅದಕ್ಕೇ ಯಾರೂ ಕೊಡುವುದಿಲ್ಲ. ಒಂದು ದಿನದ ಕೂಲಿ ಹೋದರೆ ಮುಂದಿನ ತಾರೀಖಿಗೆ ಸಾಕ್ಷಿ ಬರುವುದೇ ಇಲ್ಲ. ಬೆದರಿಕೆ ಬಂದರೆ ಪ್ರತಿ ಸಲವೂ ಒಂದು ಕಾಗದ ಕೊಡಿ, "ಇಂಥ ಕ್ರೈಂ ನಂಬರ್‌ನ ಸಾಕ್ಷಿಗೆ ಇಂಥ ದಿನ ಬೆದರಿಕೆ" ಅಂತ. "ರಾಜಿ ಮಾಡ್ಕೊಳ್ಳಿ" ಅಂತ ಊರಿನವರೋ ಪೊಲೀಸರೋ ಒತ್ತಾಯ ಮಾಡಿದರೆ, ಈ ಕಾಯ್ದೆಯ ಕೇಸುಗಳನ್ನು ಠಾಣೆಯಲ್ಲಿ ಕೂತು ರಾಜಿ ಮಾಡಿ ಮುಗಿಸುವುದಕ್ಕೆ ಬರುವುದಿಲ್ಲ ಅಂತ ಗೊತ್ತಿರಲಿ.

ಪರಿಹಾರದ ದುಡ್ಡು ಕೇಳುವುದಕ್ಕೆ ಸಂಕೋಚ ಬೇಡ. ಜಾತಿ ನಿಂದನೆಯಂಥ ಪ್ರಕರಣಕ್ಕೆ 2016ರ ನಿಯಮದಲ್ಲಿ 1 ಲಕ್ಷ ರೂಪಾಯಿ ಇಟ್ಟಿದ್ದಾರೆ. ಎಫ್‌ಐಆರ್ ಆದಾಗ ಕಾಲು ಭಾಗ, ದೋಷಾರೋಪ ಪಟ್ಟಿ ಹೋದಾಗ ಅರ್ಧ, ಶಿಕ್ಷೆ ಆದಾಗ ಉಳಿದ ಕಾಲು. ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯಲ್ಲಿ ಎಫ್‌ಐಆರ್ ಪ್ರತಿ, ಜಾತಿ ಪತ್ರ, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ವಿಚಾರಿಸಿ. "ದುಡ್ಡಿಗೋಸ್ಕರ ಕೇಸ್ ಹಾಕವ್ರೆ" ಅಂತ ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ ಬಿಡಿ.

ನೀವು ದೂರು ಕೊಡುವವರಲ್ಲ, ಪೊಲೀಸರು ಎಳೆದುಕೊಂಡು ಹೋದವರಾದರೆ

ಊರಲ್ಲಿ ಪಂಪ್‌ಸೆಟ್ ಕೇಬಲ್ ಕಳ್ಳತನ ಆಯ್ತು ಅಂದರೆ ಜೀಪು ಮೊದಲು ಎಲ್ಲಿಗೆ ಹೋಗುತ್ತದೆ? ಊರ ಹೊರಗಿನ ಗುಡಿಸಲುಗಳಿಗೆ. ಕೊರಚ, ಕೊರಮರಂಥ ಸಮುದಾಯಗಳಿಗೆ ಬ್ರಿಟಿಷರು ಅಂಟಿಸಿದ "ಅಪರಾಧಿ ಬುಡಕಟ್ಟು" ಹಣೆಪಟ್ಟಿಯ ಕಾಯ್ದೆ 1952ರಲ್ಲೇ ರದ್ದಾಯಿತು, ಅಭ್ಯಾಸ ಮಾತ್ರ ಹೋಗಿಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ರದ್ದು ಮಾಡಿತಲ್ಲ, ಅದೇ ತೀರ್ಪಿನಲ್ಲಿ ಈ ಸಮುದಾಯದವರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದು ಅಂತ ಪೊಲೀಸರಿಗೂ ಹೇಳಿದೆ.

ಮನೆಯವರು ಮಾಡಬೇಕಾದದ್ದು ಇಷ್ಟು. ಯಾವ ಠಾಣೆ, ಯಾವ ಕೇಸು, ಕರೆದುಕೊಂಡು ಹೋದ ಸಮಯ ಎಷ್ಟು, ಬರೆದಿಟ್ಟುಕೊಳ್ಳಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು, ಅದಕ್ಕೇ ಸಮಯ ಮುಖ್ಯ. ಹೆಂಗಸರನ್ನು, 60 ದಾಟಿದವರನ್ನು, 15ರೊಳಗಿನ ಹುಡುಗರನ್ನು ಸಾಕ್ಷಿ ವಿಚಾರಣೆ ಅಂತ ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ಕೇಳಬೇಕು. ಬಂಧನ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಅದೂ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ, ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮಿಳು ಮಾತ್ರ ಬರುವ ಕೆಜಿಎಫ್‌ನ ಹುಡುಗನಿಗೆ ಕನ್ನಡದ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರೆ ಆಗಲ್ಲ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟರು ಕೇಳಿದಾಗ ಹೇಳಲೇಬೇಕು, ಆಗ ಸುಮ್ಮನಿದ್ದರೆ ಆಮೇಲೆ ಕಷ್ಟ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಅಂತ ಸುಪ್ರೀಂ ಕೋರ್ಟಿನ 2020ರ ಆದೇಶ ಇದೆ, ಆ ದಿನದ ದೃಶ್ಯ ಅಳಿಸದೆ ಉಳಿಸಿ ಅಂತ ಬೇಗ ಒಂದು ಅರ್ಜಿ ಕೊಡಿ.

ಪೊಲೀಸರೇ ಇದನ್ನು ಓದುತ್ತಿದ್ದರೆ

ಒಳ್ಳೆಯವರು ಇದ್ದಾರೆ, ಅವರಿಗೇ ಹೇಳುವುದು. ಬಾಗಿಲ ಹತ್ತಿರ ಎರಡು ಕುರ್ಚಿ ಹಾಕಿಸಿ, ಬಂದವರು ಯಾರೇ ಆದರೂ ಮೊದಲು ಕೂರಿಸಿ. ಕೌಂಟರ್‌ನಲ್ಲಿ ನಾಲ್ಕು ಜನರ ಮುಂದೆ "ಯಾವ ಜನ?" ಅಂತ ಜೋರಾಗಿ ಕೇಳಬೇಡಿ, ಕೇಸಿಗೆ ಬೇಕಾದಾಗ ಒಳಗೆ ಕೇಳಿ. "ಏನಮ್ಮ, ಹೇಳಮ್ಮ" ಪರವಾಗಿಲ್ಲ, "ಏನೇ" ಬೇಡ. ಠಾಣೆಯಲ್ಲಿ ತೆಲುಗು, ತಮಿಳು, ಉರ್ದು ಬರುವ ಸಿಬ್ಬಂದಿ ಯಾರ್ಯಾರು ಅಂತ ಒಂದು ಹಾಳೆ ಗೋಡೆಗೆ ಅಂಟಿಸಿದರೆ ಖರ್ಚೇನೂ ಇಲ್ಲ. ಗಣೇಶನ ಹಬ್ಬ, ಈದ್ ಮಿಲಾದ್ ಮುಂಚೆ ಕರೆಯುವ ಶಾಂತಿ ಸಭೆಗೆ ಪ್ರತಿ ವರ್ಷ ಅದೇ ಮುಖಂಡರು, ಅದೇ ಬಿಳಿ ಪಂಚೆಗಳು. ತಳ್ಳುಗಾಡಿ ಇಟ್ಟುಕೊಂಡವರು, ಮೆರವಣಿಗೆ ಹೋಗುವ ರಸ್ತೆಯಲ್ಲಿ ಮನೆ ಇರುವ ಹೆಂಗಸರು, ತಮಟೆ ಬಾರಿಸುವ ಹುಡುಗರು, ಇವರನ್ನು ಒಮ್ಮೆ ಕರೆದು ನೋಡಿ. ಗಲಾಟೆ ಎಲ್ಲಿ ಆಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಸಭೆಗೆ ಹೋಗುವವರು ಬರಿಗೈಲಿ ಹೋಗಬೇಡಿ

ಠಾಣೆಗಳಲ್ಲಿ ದಲಿತರ ಕುಂದುಕೊರತೆ ಸಭೆ ಅಂತ ನಡೆಯುತ್ತದೆ. ಯಾವತ್ತು ಅಂತ ನಿಮ್ಮ ಬೀಟ್ ಪೇದೆಯನ್ನು ಕೇಳಿ. ಬಹಳ ಕಡೆ ಇದು ಟೀ, ಬಿಸ್ಕತ್ತು, ಒಂದು ಗ್ರೂಪ್ ಫೋಟೋದಲ್ಲಿ ಮುಗಿಯುತ್ತದೆ. "ನಮ್ಮೂರಲ್ಲಿ ಹೋಟೆಲ್ ಒಳಗೆ ಬಿಡ್ತಿಲ್ಲ ಸಾರ್" ಅಂತ ಎದ್ದು ನಿಂತು ಹೇಳಿದರೆ "ನೋಡೋಣ" ಅಂತ ಉತ್ತರ ಬರುತ್ತದೆ. ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ಎತ್ತಿ.

ಇದಕ್ಕಿಂತ ದೊಡ್ಡದು ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ. ಅಧ್ಯಕ್ಷರು ಡಿಸಿ, ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಉಪವಿಭಾಗ ಮಟ್ಟದಲ್ಲೂ ಇಂಥದ್ದೊಂದಿದೆ. ಇದರಲ್ಲಿ ಅಧಿಕಾರಿಗಳಲ್ಲದ ಸದಸ್ಯರೂ ಇರುತ್ತಾರೆ, ನಿಮ್ಮ ತಾಲ್ಲೂಕಿನವರು ಯಾರು ಅಂತ ಸಮಾಜ ಕಲ್ಯಾಣ ಇಲಾಖೆಯಲ್ಲೋ ದಲಿತ ಸಂಘರ್ಷ ಸಮಿತಿಯವರ ಹತ್ತಿರವೋ ಕೇಳಿ. ಅವರ ಕೈಗೆ ಭಾಷಣ ಕೊಡಬೇಡಿ, ಒಂದೇ ಹಾಳೆಯ ಪಟ್ಟಿ ಕೊಡಿ: ಕ್ರೈಂ ನಂಬರ್, ಠಾಣೆ, ಎಫ್‌ಐಆರ್ ತಾರೀಖು, 60 ದಿನ ಮುಗಿದಿದ್ದು ಯಾವತ್ತು, ಪರಿಹಾರ ಬಂತಾ ಇಲ್ಲವಾ, ಬಿ ರಿಪೋರ್ಟ್ (ಕೇಸು ಮುಚ್ಚಿ ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ) ಆಗಿದೆಯಾ. ಡಿಸಿ ಎದುರು ಎಸ್‌ಪಿಯನ್ನು ನಂಬರ್ ಹಿಡಿದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ, ಹಿಂದಿನ ಸಭೆಯ ಉತ್ತರಕ್ಕೂ ಇದಕ್ಕೂ ಹೊಂದಿಕೆ ಆಗದಿದ್ದರೆ ಅದೂ ಎದ್ದು ಕಾಣುತ್ತದೆ.

ಅಂದಹಾಗೆ ಬಿ ರಿಪೋರ್ಟ್ ಹಾಕಿದರು ಅಂದರೆ ಕಥೆ ಮುಗಿಯಿತು ಅಂತಲ್ಲ. ಕೋರ್ಟಿನಿಂದ ನಿಮಗೆ ನೋಟಿಸ್ ಬರಬೇಕು, ನೀವು ತಕರಾರು ಅರ್ಜಿ ಹಾಕಬಹುದು. ವಿಳಾಸ ಬದಲಾಗಿದ್ದರೆ ಠಾಣೆಗೆ ತಿಳಿಸಿಡಿ, ನೋಟಿಸ್ ವಾಪಸ್ ಹೋಗಿ ಕೇಸು ಸದ್ದಿಲ್ಲದೆ ಮುಚ್ಚಿಹೋದದ್ದು ಉಂಟು.

ಸಮಿತಿ ಸಭೆ ನಡೆದೇ ಇಲ್ಲ ಅನ್ನುವ ಅನುಮಾನ ಇದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಸಮಿತಿಯ ಸದಸ್ಯ ಕಾರ್ಯದರ್ಶಿ ಸಮಾಜ ಕಲ್ಯಾಣ ಅಧಿಕಾರಿ ಆಗಿರುವುದರಿಂದ ಅರ್ಜಿ ಆ ಕಚೇರಿಗೇ ಹೋಗಲಿ. ಕಳೆದ ಎರಡು ವರ್ಷದ ಸಭಾ ನಡಾವಳಿ ಮತ್ತು ಹಾಜರಾತಿ ಪ್ರತಿ ಕೊಡಿ ಅಂತಷ್ಟೇ ಕೇಳಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ನಿಯಮ ಇದೆ, ಅದಕ್ಕೇ ಪರಿಹಾರದ ಲೆಕ್ಕ ಬೇಕಾದರೆ ಬೇರೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಅವಕಾಶ. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.